ಮಿಸ್ಡ್ ಕಾಲ್ ಕೊಟ್ಟರೆ ಮಳೆ ಲೆಕ್ಕ: ನನ್ನ ಅನುಭವ

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಈಗ ಮಳೆ ನೋಡಲು ಯಾರೂ ಬೆಳಿಗ್ಗೆ ಕೊಡೆ ಹಿಡಿದು ಹೋಗುವುದಿಲ್ಲ. ನಾನೇ ಮಾಡಿದ ಮಳೆ ಅಳೆಯುವ ಡಬ್ಬಿಯ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಸ್ವಲ್ಪ ಹೊತ್ತಿಗೆ ಮೆಸೇಜ್ ಬರುತ್ತದೆ: "ಮಳೆ ೨ ಇಂಚು ೦೭ ಸೆಂಟು". ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ. ಕನ್ನಡ ತೋರಿಸುವ ಬಟನ್ ಫೋನ್ ಇದ್ದರೂ ಸಾಕು.

"ಮಳೆ ಅಳೆಯೋಕೆ ಬ್ಯಾಟರಿ ಯಾಕೋ ಬೇಕು?" ಅಂತ ದೊಡ್ಡಪ್ಪ ಕೇಳಿದ್ದರು. ಬೆಂಗಳೂರಿನ ಗೆಳೆಯರು ಆ್ಯಪ್ ಮಾಡು ಅಂದರು. ಗೇಜ್, ಅಂದರೆ ಮಳೆಮಾಪಕ, ಇರುವ ಜಾಗದಲ್ಲಿ ವೈಫೈ ಇಲ್ಲ, ಡೇಟಾ ನಿಲ್ಲುವುದಿಲ್ಲ. 2ಜಿ ಮಾತ್ರ ಒಂದೆರಡು ಕಡ್ಡಿ ಇರುತ್ತದೆ. ಅದನ್ನೇ ನಂಬಿದೆ. ಒಂದು ಮಳೆಗಾಲ ಪೂರ್ತಿ ನಡೆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಸಾಮಾನು ಇಷ್ಟೇ: 3.3 ವೋಲ್ಟಿನ ಪ್ರೊ ಮಿನಿ (ಕೋಡ್ ಓಡಿಸುವ ಸಣ್ಣ ಆರ್ಡುಯಿನೊ ಬೋರ್ಡ್), ಸಿಮ್800ಎಲ್ (ಸಿಮ್ ಹಾಕಿ ಕಾಲ್, ಮೆಸೇಜ್ ಮಾಡುವ 2ಜಿ ಮಾಡ್ಯೂಲ್), ಟಿಪ್ಪಿಂಗ್ ಬಕೆಟ್ ಗೇಜ್ (ನೀರು ತುಂಬಿದಾಗೆಲ್ಲ ಮಗುಚುವ ಪುಟ್ಟ ಬಕೆಟ್ ಇರುವುದು), 18650 ಸೆಲ್ (ರೀಚಾರ್ಜ್ ಆಗುವ ಲಿಥಿಯಂ ಬ್ಯಾಟರಿ), ಸಣ್ಣ ಸೋಲಾರ್ ಪ್ಯಾನೆಲ್. ದುಡ್ಡು ತಿಂದಿದ್ದು ಸಿಮ್800ಎಲ್. ಅದಕ್ಕೆ ಬೇಕಾದ್ದು 3.4ರಿಂದ 4.4 ವೋಲ್ಟ್. ನೆಟ್‌ವರ್ಕ್ ಹುಡುಕುವಾಗ ಒಂದು ಕ್ಷಣ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಸುತ್ತ ಸಿಗುವ ಎಷ್ಟೋ ಸರ್ಕ್ಯೂಟ್ ಚಿತ್ರಗಳಲ್ಲಿ 5 ವೋಲ್ಟ್ ಕೊಟ್ಟಿರುತ್ತಾರೆ. ಹಾಗೆ ಒಂದೆರಡು ಮಾಡ್ಯೂಲ್ ಸುಟ್ಟವು, ಸುಮಾರು 800 ರೂಪಾಯಿ ಹೋಯಿತು. ಸಣ್ಣ ರೆಗ್ಯುಲೇಟರ್ (ವೋಲ್ಟ್ ಇಳಿಸುವ ಬಿಡಿಭಾಗ) ಹಾಕಿದರೆ ಸುಡುವುದಿಲ್ಲ, ಆದರೆ ಕಾಲ್ ಬಂದ ಕೂಡಲೇ ರೀಸ್ಟಾರ್ಟ್ ಆಗುತ್ತದೆ. ಕೊನೆಗೆ ಸೆಲ್ಲನ್ನು ನೇರವಾಗಿ ಕೊಟ್ಟು, ಮಾಡ್ಯೂಲಿನ ಪವರ್ ಪಿನ್ನಿಗೆ ಅಂಟಿದ ಹಾಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದೆ. ಆಮೇಲೆ ಒಂದೇ ಒಂದು ಸಲವೂ ತಾನಾಗಿ ರೀಸ್ಟಾರ್ಟ್ ಆಗಿಲ್ಲ. 4ಜಿ ಮಾತ್ರ ಇರುವ ಸಿಮ್ ಇದರಲ್ಲಿ ನಡೆಯಲ್ಲ, ನೆನಪಿರಲಿ.

ಇನ್ನು ಕೋಡು. ಬಕೆಟ್ ಮಗುಚಿದಾಗ ಅದರ ಅಯಸ್ಕಾಂತಕ್ಕೆ ಮುಚ್ಚುವ ರೀಡ್ ಸ್ವಿಚ್ ಅದುರುವುದರಿಂದ, ಒಂದು ಸಲ ಮುಚ್ಚಿದರೆ ಮೂರ್ನಾಲ್ಕು ಎಣಿಕೆ ಬರುತ್ತದೆ. ಇಂಟರಪ್ಟ್ (ಸ್ವಿಚ್ ಮುಚ್ಚಿದ ಕೂಡಲೇ ಓಡುವ ಕೋಡ್) ಒಳಗೆ "ಮಿಲ್ಲಿಸ್ ಕಳೆ ಹಿಂದಿನದು, 300ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಎಣಿಸು" ಅಂತ ಹಾಕಿ. ಮಿಲ್ಲಿಸ್ ಅಂದರೆ ಬೋರ್ಡ್ ಆನ್ ಆದಾಗಿನಿಂದ ಕಳೆದ ಮಿಲಿಸೆಕೆಂಡು. 300 ಮಿಲಿಸೆಕೆಂಡಿನಲ್ಲಿ ಮಳೆ ತಪ್ಪಿಹೋಗುತ್ತೆ ಅನ್ನುವ ಭಯ ಬೇಡ. ಗಂಟೆಗೆ 100 ಮಿಲಿಮೀಟರ್ ಸುರಿದರೂ ಬಕೆಟ್ ಮಗುಚುವುದು ಹತ್ತು ಸೆಕೆಂಡಿಗೆ ಒಮ್ಮೆ. ಕಳೆಯುವ ರೂಪದಲ್ಲೇ ಬರೆಯಿರಿ, ಅನ್‌ಸೈನ್ಡ್ ಲಾಂಗ್ (ಮೈನಸ್ ಇಲ್ಲದ ದೊಡ್ಡ ಪೂರ್ಣಾಂಕ) ಇರಲಿ. "ಹಿಂದಿನದಕ್ಕೆ 300 ಕೂಡಿಸಿ ಹೋಲಿಸು" ಅಂತ ಬರೆದರೆ ಸುಮಾರು 49 ದಿನಕ್ಕೆ ಮಿಲ್ಲಿಸ್ ಸೊನ್ನೆಗೆ ತಿರುಗುವಾಗ ಲೆಕ್ಕ ಕೆಡಬಹುದು. ಜೂನ್ ಮೊದಲಿಗೆ ಇಟ್ಟ ಡಬ್ಬಿಗೆ ಅದು ಜುಲೈ ಮಳೆಯ ನಡುವೆಯೇ ಬರುತ್ತದೆ.

ನನಗೆ ಬಹಳ ಖುಷಿ ಕೊಟ್ಟಿದ್ದು ಇಂಚು-ಸೆಂಟಿನ ಲೆಕ್ಕ. ನಮ್ಮ ಗೇಜ್ ಒಂದು ಸಲ ಮಗುಚಿದರೆ 0.2794 ಮಿಲಿಮೀಟರ್. ಎಲ್ಲರೂ ಅದನ್ನು ಫ್ಲೋಟಿನಲ್ಲಿ (ದಶಮಾಂಶದ ಸಂಖ್ಯೆಯಲ್ಲಿ) ಗುಣಿಸುತ್ತಾರೆ. ಸ್ವಲ್ಪ ನಿಂತು ನೋಡಿ: ಅದು ಸರಿಯಾಗಿ 0.011 ಇಂಚು, ಅಂದರೆ 1.1 ಸೆಂಟು. ಎಣಿಕೆಯನ್ನು 11ರಿಂದ ಗುಣಿಸಿ 10ರಿಂದ ಭಾಗಿಸಿದರೆ ಸೆಂಟು ಬಂತು. 100ರಿಂದ ಭಾಗಿಸಿದರೆ ಇಂಚು, ಉಳಿದದ್ದು ಸೆಂಟು. ಫ್ಲೋಟೇ ಬೇಡ. ಆದರೆ ಸಣ್ಣ ಪೂರ್ಣಾಂಕದ ಇಂಟ್ ಬೇಡ, ದೊಡ್ಡದರ ಲಾಂಗ್ ಇಡಿ. ಪ್ರೊ ಮಿನಿಯಲ್ಲಿ ಇಂಟ್ 32767ಕ್ಕೆ ಮುಗಿಯುತ್ತದೆ. 11ರಿಂದ ಗುಣಿಸಿದಾಗ 32 ಇಂಚು ದಾಟಿದ ಸ್ವಲ್ಪಕ್ಕೇ ಒಟ್ಟು ಮಳೆ ಮೈನಸ್ಸಿಗೆ ಹೋಗುತ್ತದೆ. ಮಲೆನಾಡಲ್ಲಿ 32 ಇಂಚು ಯಾವ ಲೆಕ್ಕ, ಅಲ್ವಾ? ಸೆಂಟು ಹತ್ತಕ್ಕಿಂತ ಕಡಿಮೆ ಇದ್ದರೆ ಮುಂದೆ ಸೊನ್ನೆ ಹಾಕಿ. ಇಲ್ಲದಿದ್ದರೆ 7 ಸೆಂಟನ್ನು 70 ಅಂತ ಬರೆದುಕೊಳ್ಳುವವರಿದ್ದಾರೆ.

ದಿನದ ಮಳೆಗಾಗಿ ಎಣಿಕೆಯನ್ನು ಸೊನ್ನೆ ಮಾಡಬೇಡಿ. ಹವಾಮಾನ ಇಲಾಖೆಯವರ ಹಾಗೆ ಬೆಳಿಗ್ಗೆ 8.30ರ ಒಟ್ಟನ್ನು, ಕರೆಂಟ್ ಹೋದರೂ ಅಳಿಸದ ಈಪ್ರಾಮ್‌ನಲ್ಲಿ ಇಟ್ಟುಕೊಂಡು ಕಳೆಯುತ್ತಾ ಹೋಗಿ.

ಕನ್ನಡ ಮೆಸೇಜ್ ನನ್ನನ್ನು ವಾರಗಟ್ಟಲೆ ಕಾಡಿತು. ಮಾಡ್ಯೂಲಿಗೆ ಕೊಡುವ ಆಜ್ಞೆಗಳು ಹೀಗೆ: ಎಟಿ+ಸಿಎಂಜಿಎಫ್=1, ಆಮೇಲೆ ಸಿಎಸ್‌ಸಿಎಸ್ ಯುಸಿಎಸ್2 (ಕನ್ನಡವೂ ಹಿಡಿಸುವ ಅಕ್ಷರ ಸಂಕೇತ), ಆಮೇಲೆ ಸಿಎಸ್‌ಎಂಪಿ=17,167,0,8. ಇಷ್ಟು ಕೊಟ್ಟರೂ ಎರರ್. ಕಾರಣ ಫೋನ್ ನಂಬರ್! ಯುಸಿಎಸ್2 ಹಾಕಿದ ಮೇಲೆ ನಂಬರನ್ನೂ ಅದೇ ರೂಪದಲ್ಲಿ ಕೊಡಬೇಕು. 9 ಇದ್ದರೆ 0039, 8 ಇದ್ದರೆ 0038. ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಕನ್ನಡ ಅಂಕಿ ಇನ್ನೂ ಸುಲಭ: ಸಾಮಾನ್ಯ ಅಂಕಿಯ ಆಸ್ಕಿ ಬೆಲೆಗೆ (ಕಂಪ್ಯೂಟರಿನಲ್ಲಿ ಅದರ ಸಂಕೇತ ಸಂಖ್ಯೆಗೆ) 3254 ಕೂಡಿಸಿ. 48 ಇದ್ದದ್ದು 3302 ಆಗುತ್ತದೆ, ಅದೇ ೦. ಒಂದು ಮೆಸೇಜಿಗೆ 70 ಅಕ್ಷರ ಮಾತ್ರ. ಕೊಂಬು, ಗುಡಿಸು, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. "ಮಳೆ" ಅಂದರೇ ಮೂರು.

ನಡುವೆ ಪ್ರೊ ಮಿನಿಯನ್ನು ನಿದ್ದೆಗೆ ಹಾಕಿ ನೋಡಿದೆ. ಪವರ್ ಡೌನ್‌ನಲ್ಲಿ ಮಿಲ್ಲಿಸ್ ನಿಲ್ಲುತ್ತದೆ, 300ರ ತಡೆ ಕೈಕೊಡುತ್ತದೆ, ಅದಕ್ಕೆ ಬಿಟ್ಟೆ. ಬ್ಯಾಟರಿ ಜಾಸ್ತಿ ಕುಡಿಯುವುದು ಹೇಗೂ ಮಾಡ್ಯೂಲು. ಅದಕ್ಕೆ ಸಿಎಸ್‌ಸಿಎಲ್‌ಕೆ=2 ಕೊಟ್ಟೆ, ಸುಮ್ನೆ ಮಲಗಿರುತ್ತದೆ, ಕಾಲ್ ಬಂದರೆ ಏಳುತ್ತದೆ. ಕಾಲ್ ಮಾಡಿದವರ ನಂಬರ್ ಸಿಎಲ್‌ಐಪಿ ಕೊಡುತ್ತದೆ. ನಮ್ಮ ಪಟ್ಟಿಯಲ್ಲಿದ್ದರೆ ಕಟ್ ಮಾಡಿ ಉತ್ತರ ಕಳಿಸುತ್ತೆ, ಇಲ್ಲದಿದ್ದರೆ ಬರೀ ಕಟ್.

ದೊಡ್ಡಪ್ಪನ ಹಳೇ ಗಾಜಿನ ಅಳತೆಯ ಜೊತೆ ಹೋಲಿಸಿದಾಗ ಸಾಧಾರಣ ದಿನಗಳಲ್ಲಿ ಎರಡು ಮೂರು ಸೆಂಟಿನ ವ್ಯತ್ಯಾಸ. ಜಡಿಮಳೆಯಲ್ಲಿ ನೂರಕ್ಕೆ ಐದಾರು ಕಡಿಮೆ ಬಂತು. ಬಕೆಟ್ ಮಗುಚುವ ಹೊತ್ತಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ನಾನು ಒಂದು ತಿದ್ದುಪಡಿ ಸೇರಿಸಿದ್ದೇನೆ, ಅದರ ಅಂಕಿ ಇಲ್ಲಿ ಕೊಡಲ್ಲ. ಡ್ರಿಪ್ ಬಾಟಲಿ ಕಟ್ಟಿ ನಿಮ್ಮ ಗೇಜಿಗೆ ನೀವೇ ಹುಡುಕಿಕೊಳ್ಳಿ. ಎಲೆ, ಜೇಡ ಒಳಗೆ ಬಾರದ ಹಾಗೆ ಬಾಯಿಗೆ ಏನು ಕಟ್ಟಿದ್ದೇನೆ ಅನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸುಟ್ಟದ್ದೂ ಸೇರಿ ನಾಲ್ಕು ಸಾವಿರದ ಹತ್ತಿರ ಖರ್ಚಾಯಿತು. ಎರಡನೇ ಡಬ್ಬಿ ಎರಡೂವರೆಯಲ್ಲಿ ಮುಗಿಯಬೇಕು. ಅದನ್ನು ಕೆಳಗಿನ ರೋಬಸ್ಟಾ ಕಾಫಿ ಪ್ಲಾಟಿಗೆ ಮಾರ್ಚ್ ಒಳಗೆ ಹಾಕುತ್ತೇನೆ. ಹೂಮಳೆ (ಕಾಫಿ ಹೂ ಬಿಡಿಸುವ ಮಳೆ) ಮನೆ ಹತ್ತಿರ ಒಂದು ಇಂಚು ಬಂದರೂ ಅಲ್ಲಿ ಅರ್ಧವೇ ಬಿದ್ದಿರಬಹುದು. ಸ್ಪ್ರಿಂಕ್ಲರಿಗೆ ಡೀಸೆಲ್ ಸುರಿಯಬೇಕೋ ಬೇಡವೋ ಅಂತ ದೊಡ್ಡಪ್ಪನೇ ಮಿಸ್ಡ್ ಕಾಲ್ ಕೊಟ್ಟು ತೀರ್ಮಾನ ಮಾಡಲಿ.