ಹೊಸ ಲೇಔಟಿನಲ್ಲಿ ಸಣ್ಣ ಮನೆಗೂ ಒಂದು ಪಾಲು: ಮಾಸ್ಟರ್ ಪ್ಲಾನ್‌ಗೆ ಸಲಹೆ ಬರೆದು ಕೊಡುವುದು ಹೇಗೆ

ಕಾರವಾರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಹತ್ತೊಂಬತ್ತು ವರ್ಷ ಆಯಿತು. ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಮಶೀನು, ಮಳೆಗಾಲದಲ್ಲಿ ಕಾಗದ ಮೆತ್ತಗಾಗದ ಹಾಗೆ ಒಳಗೆ ಬಲ್ಬು ಉರಿಸಿಟ್ಟ ಒಂದು ಕಪಾಟು. ಆದಾಯ ಪತ್ರದ ಅರ್ಜಿ, ವಾರಸಾ ಅರ್ಜಿ, ಬಾಡಿಗೆ ಕರಾರು ಎಲ್ಲ ಟೈಪ್ ಮಾಡಿಕೊಡುತ್ತೇನೆ.

ಬಾಡಿಗೆ ಕರಾರು ಟೈಪ್ ಮಾಡುವವರಿಗೆ ಊರು ಹೇಗೆ ಸರಿಯುತ್ತಿದೆ ಅನ್ನುವುದು ಗೊತ್ತಾಗುತ್ತದೆ. ನಮ್ಮ ಬೀದಿಗೆ ಮೀನು ತರುವ ಹೆಂಗಸೊಬ್ಬರ ಮೂರು ಕರಾರು ನಾನೇ ಟೈಪ್ ಮಾಡಿದ್ದೇನೆ. ಮೊದಲನೆಯದು ಕಾಜುಬಾಗದ ಮನೆ. ಎರಡನೆಯದು ಹಬ್ಬುವಾಡ. ಮೂರನೆಯದು ರೈಲು ನಿಲ್ದಾಣದ ಆಚೆ, ಶಿರವಾಡ ಕಡೆ. ಪ್ರತಿ ಸಲ ಬಾಡಿಗೆ ಏರಿದೆ, ಮನೆ ಚಿಕ್ಕದಾಗಿದೆ. ಬೈತಖೋಲ ಬಂದರಿಗೆ ಬೆಳಗಿನ ಜಾವ ಮುಟ್ಟಬೇಕಾದವರು ಅವರು. ಆ ಹೊತ್ತಿಗೆ ಬಸ್ಸಿಲ್ಲ. ಬುಟ್ಟಿಯ ಲಾಭದಲ್ಲಿ ಒಂದು ಪಾಲು ರಿಕ್ಷಾಕ್ಕೇ ಹೋಗುತ್ತದೆ.

ಇತ್ತ ಊರಿನ ಸುತ್ತ ಲೇಔಟ್ ಏಳುತ್ತಲೇ ಇದೆ. ಸೈಟುಗಳೆಲ್ಲ 30×40, 40×60. ಅವರ ಅಳತೆಗೆ ಒಂದೂ ಇಲ್ಲ. ನಮ್ಮ ಜಿಲ್ಲೆಯ ಬಹುಪಾಲು ಕಾಡು. ಕಡಲ ಬದಿಗೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಸೀಬರ್ಡ್ ನೌಕಾನೆಲೆಗೆ ಅರಗಾದಂಥ ಊರುಗಳು ಜಾಗ ಬಿಟ್ಟುಕೊಟ್ಟಿವೆ. ಉಳಿದ ಸ್ವಲ್ಪ ಜಾಗದಲ್ಲೇ ಎಲ್ಲರೂ ಇರಬೇಕು. ಅದಕ್ಕೇ ನಾನು ಹೇಳುವುದು, ಹೊಸದಾಗಿ ಏಳುವ ಪ್ರತಿ ಲೇಔಟಿನಲ್ಲೂ, ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಕಡಿಮೆ ದರದ ಸಣ್ಣ ಮನೆಗಳಿಗೆ ಒಂದು ಪಾಲು ಇಡಬೇಕು ಅಂತ ನಿಯಮವೇ ಆಗಬೇಕು. ಅದನ್ನು ಕೇಳುವ ದಾರಿ ಇದೆ, ಊರಿನ ಮಾಸ್ಟರ್ ಪ್ಲಾನ್‌ಗೆ ಬರಹದಲ್ಲಿ ಸಲಹೆ ಕೊಡುವುದು.

ಇದು ನಾವು ಹುಟ್ಟಿಸಿಕೊಂಡ ಆಸೆಯಲ್ಲ. 2007ರ ರಾಷ್ಟ್ರೀಯ ನಗರ ವಸತಿ ನೀತಿಯೇ ಹೊಸ ವಸತಿ ಯೋಜನೆಗಳಲ್ಲಿ ಶೇ. 10ರಿಂದ 15ರಷ್ಟು ಜಾಗ, ಇಲ್ಲವೇ ಕಟ್ಟುವ ವಿಸ್ತೀರ್ಣದ ಶೇ. 20ರಿಂದ 25, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟನ್ನು ಬಡವರಿಗೆ ಮತ್ತು ಕಡಿಮೆ ಆದಾಯದವರಿಗೆ ಇಡಬೇಕು ಅಂದಿತ್ತು. ಆದರೆ ನೀತಿ ಬೇರೆ, ನಿಯಮ ಬೇರೆ. ಪಕ್ಕದ ಮಹಾರಾಷ್ಟ್ರ 2013ರಲ್ಲಿ ಇದನ್ನು ನಿಯಮ ಮಾಡಿತು. ಅಲ್ಲಿನ ದೊಡ್ಡ ನಗರಗಳಲ್ಲಿ 4,000 ಚದರ ಮೀಟರ್‌ಗಿಂತ ದೊಡ್ಡ ವಸತಿ ಯೋಜನೆಯಲ್ಲಿ ಶೇ. 20 ಸಣ್ಣ ಮನೆಗೆ ಬಿಡಬೇಕು. ಆ ಮನೆಗಳನ್ನು ಅಲ್ಲಿನ ಸರ್ಕಾರಿ ವಸತಿ ಸಂಸ್ಥೆ ಮ್ಹಾಡಾ ಲಾಟರಿ ಎತ್ತಿ ಹಂಚುತ್ತದೆ. ಅಮೆರಿಕದ ಮಾಂಟ್ಗೊಮರಿ ಕೌಂಟಿ ಅನ್ನುವ ಜಿಲ್ಲೆಯಲ್ಲಿ 1974ರಿಂದಲೇ ಇಂಥ ಕಾನೂನು ಇದೆ.

ಈಗ ಕೆಲಸಕ್ಕೆ ಬರೋಣ.

ಮೊದಲು, ಯಾರಿಗೆ ಬರೆಯಬೇಕು? ನಮ್ಮ ಜನ ನಗರಸಭೆ ಸದಸ್ಯರ ಮನೆಗೆ ಹೋಗುತ್ತಾರೆ. ಹೋಗಿ, ತಪ್ಪಿಲ್ಲ. ಆದರೆ ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಬಯಲು ಅಂತ ಮಾಸ್ಟರ್ ಪ್ಲಾನ್‌ನಲ್ಲಿ ಗೆರೆ ಎಳೆಯುವುದು ಯೋಜನಾ ಪ್ರಾಧಿಕಾರ. ಕಾರವಾರದಲ್ಲಿ ಅದು ನಗರಾಭಿವೃದ್ಧಿ ಪ್ರಾಧಿಕಾರ. ನೀವು ಶಿರಸಿ, ಕುಮಟಾ, ಭಟ್ಕಳದವರಾದರೆ ನಿಮ್ಮ ಊರಿಗೆ ಯಾವ ಪ್ರಾಧಿಕಾರ ಅಂತ ನಗರಸಭೆಯಲ್ಲೋ ಪುರಸಭೆಯಲ್ಲೋ ಕೇಳಿ. ಊರ ಪಕ್ಕದ ಹಳ್ಳಿಗಳೂ ಎಷ್ಟೋ ಸಲ ಅದೇ ಯೋಜನಾ ಪ್ರದೇಶದ ಒಳಗೆ ಇರುತ್ತವೆ. ಹಾಗಾಗಿ ನಿಮ್ಮ ಸರ್ವೆ ನಂಬರು ಒಳಗಿದೆಯೋ ಇಲ್ಲವೋ ನಕ್ಷೆಯಲ್ಲಿ ನೋಡಿಕೊಳ್ಳಿ.

ಎರಡನೆಯದು, ಯಾವಾಗ? 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಮಾಸ್ಟರ್ ಪ್ಲಾನ್‌ಗೆ ಸರ್ಕಾರಿ ಕಾಗದದಲ್ಲಿ ಇದೇ ಹೆಸರು, ಮಹಾಯೋಜನೆ. ಕರಡು ಹೊರಬಂದ ಮೇಲೆ ಜನರು ಬರಹದಲ್ಲಿ ಸಲಹೆ, ಆಕ್ಷೇಪಣೆ ಕೊಡಲು 60 ದಿನ ಸಿಗುತ್ತದೆ. ಈ 60 ದಿನ ಬಹಳ ಬೆಲೆಯುಳ್ಳದ್ದು. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಪ್ರಕಟಣೆ ಬರಬಹುದು. ನಾನು ತಿಂಗಳಿಗೊಮ್ಮೆ ಕಚೇರಿಯ ನೋಟಿಸ್ ಬೋರ್ಡ್ ನೋಡಿ ಬರುತ್ತೇನೆ. ನಿಮ್ಮ ಕೇರಿಯಲ್ಲೂ ಒಬ್ಬರಿಗೆ ಆ ಕೆಲಸ ವಹಿಸಿ.

ಕರಡು ಬಂದಾಗ ಎಲ್ಲರೂ ಬಣ್ಣದ ನಕ್ಷೆ ನೋಡಲು ಮುಗಿಬೀಳುತ್ತಾರೆ. ನಮಗೆ ಬೇಕಾದದ್ದು ಅದರ ಜತೆಗಿರುವ ವಲಯ ನಿಯಮಾವಳಿ. ಎಷ್ಟು ಅಂತಸ್ತು, ಎಷ್ಟು ಬಿಟ್ಟು ಕಟ್ಟಬೇಕು ಅನ್ನುವುದೆಲ್ಲ ಅಲ್ಲೇ ಇರುತ್ತದೆ. ನಮ್ಮ ಸಾಲು ಸೇರಬೇಕಾದದ್ದೂ ಅಲ್ಲೇ.

ಮೂರನೆಯದು ಅಂಕಿಅಂಶ. ಇದನ್ನು ಕರಡು ಬರುವ ಮೊದಲೇ ಮಾಡಿಡಿ. ಯಾಕೆಂದರೆ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಡಲು 30 ದಿನ ಇರುತ್ತದೆ. ಕರಡು ಬಂದ ಮೇಲೆ ಅರ್ಜಿ ಹಾಕಿದರೆ 60ರಲ್ಲಿ ಅರ್ಧ ಅಲ್ಲೇ ಹೋಯಿತು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ. ಲೇಔಟಿಗೆ ಸರ್ಕಾರಿ ಕಾಗದದಲ್ಲಿ ವಸತಿ ವಿನ್ಯಾಸ ಅನ್ನುತ್ತಾರೆ. ನಾನು ಟೈಪ್ ಮಾಡಿಕೊಡುವ ಪ್ರಶ್ನೆ ಇಷ್ಟೇ: “ಕಳೆದ 5 ವರ್ಷಗಳಲ್ಲಿ ಅನುಮೋದನೆಯಾದ ವಸತಿ ವಿನ್ಯಾಸಗಳ ಸರ್ವೆ ನಂಬರು, ಒಟ್ಟು ವಿಸ್ತೀರ್ಣ, ಸೈಟುಗಳ ಸಂಖ್ಯೆ ಮತ್ತು ಅಳತೆಯ ಪಟ್ಟಿ ಕೊಡಿ.” ಯಾಕೆ ಬೇಕು ಅಂತ ಬರೆಯಬೇಡಿ, ಕಾಯ್ದೆ ಅದನ್ನು ಕೇಳುವುದಿಲ್ಲ. ಪಟ್ಟಿ ಕೈಗೆ ಬಂದರೆ 600 ಚದರ ಅಡಿಯ, ಅಂದರೆ 20×30ರ ಸಣ್ಣ ಸೈಟು ಎಷ್ಟಿವೆ ಅಂತ ನೀವೇ ಎಣಿಸಬಹುದು. ಆ ಎಣಿಕೆಯೇ ನಿಮ್ಮ ಅರ್ಜಿಯ ಮೊದಲ ಸಾಲು.

ಈಗ ಬರೆಯುವ ವಿಚಾರ. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಕೆಲವು ವರ್ಷದ ಹಿಂದೆ ನಮ್ಮ ಕೇರಿಯವರಿಗಾಗಿ ಒಂದು ಅರ್ಜಿ ಬರೆದೆ. “ಬಡವರ ಮೇಲೆ ದಯವಿಟ್ಟು ಕರುಣೆ ತೋರಿಸಿ, ಮನೆ ಕೊಡಿಸಿ” ಅಂತ ಎರಡು ಪುಟ. 140 ಸಹಿ. ಒಂದು ಕಚೇರಿಯಲ್ಲಿ ಕೊಟ್ಟು ಬಂದೆವು. ಸೀಲು ಹಾಕಿಸಿಕೊಳ್ಳಲಿಲ್ಲ. ಆರು ತಿಂಗಳು ಬಿಟ್ಟು ಕೇಳಿದರೆ ಅಂಥ ಅರ್ಜಿ ಬಂದೇ ಇಲ್ಲ ಅಂದರು. ಅವತ್ತು ಮನೆಗೆ ಬಂದು ಅತ್ತುಬಿಟ್ಟೆ. ಆಮೇಲೆ ಯೋಚಿಸಿದಾಗ ಅನ್ನಿಸಿದ್ದು ಬೇರೆ. ಆ ಅರ್ಜಿ ಸಿಕ್ಕಿದ್ದರೂ ಅಧಿಕಾರಿಗಳು ಏನು ಮಾಡಬಹುದಿತ್ತು? ನಿಯಮದಲ್ಲಿ ಸೇರಿಸುವಂಥ ಒಂದು ಸಾಲೂ ಅದರಲ್ಲಿ ಇರಲಿಲ್ಲ.

ಈಗ ನಾನು ಐದು ವಿಷಯ ಬಿಡದೆ ಬರೆಯಿಸುತ್ತೇನೆ. ಎಷ್ಟು ದೊಡ್ಡ ಲೇಔಟಿಗೆ, ಎಷ್ಟು ಪಾಲು, ಯಾರಿಗೆ, ಎಲ್ಲಿ, ಎಷ್ಟು ವರ್ಷ.

ಎಷ್ಟು ದೊಡ್ಡದಕ್ಕೆ ಅನ್ನುವುದು ನಮ್ಮ ಕಡೆ ಮುಖ್ಯ. ಮಹಾರಾಷ್ಟ್ರದ 4,000 ಚದರ ಮೀಟರ್ ಅಂದರೆ ಹೆಚ್ಚು ಕಡಿಮೆ ಒಂದು ಎಕರೆ, ನಮ್ಮ 40 ಗುಂಟೆ. ಅದು ಪುಣೆಗೆ ಸರಿ. ಕಾರವಾರದಲ್ಲಿ ಗುಡ್ಡಕ್ಕೂ ಕಡಲಿಗೂ ನಡುವೆ ಸಿಗುವುದೇ ತುಂಡು ತುಂಡು ಜಾಗ. ಆ ಅಳತೆ ಇಟ್ಟರೆ ಎಷ್ಟೋ ಲೇಔಟುಗಳು ತಪ್ಪಿಸಿಕೊಳ್ಳುತ್ತವೆ. 20 ಗುಂಟೆ ಅಂತ ಕೇಳಿ ಅನ್ನುತ್ತೇನೆ ನಾನು. ಇನ್ನೊಂದು ಸಾಲೂ ಬೇಕು: ಒಬ್ಬರೇ ಮಾಲೀಕರ ಅಥವಾ ಒಂದೇ ಸಂಸ್ಥೆಯ ಅಕ್ಕಪಕ್ಕದ ಸರ್ವೆ ನಂಬರುಗಳನ್ನು ಒಟ್ಟು ಸೇರಿಸಿ ಎಣಿಸಬೇಕು. ಇಲ್ಲದಿದ್ದರೆ 38 ಗುಂಟೆಯನ್ನು 19 ಮತ್ತು 19 ಅಂತ ಎರಡು ಮಾಡಿ ಬೇರೆ ಬೇರೆ ಅನುಮತಿ ತೆಗೆದುಕೊಳ್ಳಬಹುದು.

ಎಷ್ಟು ಪಾಲು? ಒಂದು ಲೆಕ್ಕ ಹಾಕಿ ತೋರಿಸಿ. ಎರಡು ಎಕರೆಯ ಲೇಔಟ್ ಅಂದರೆ 80 ಗುಂಟೆ. ರಸ್ತೆ, ಉದ್ಯಾನ, ಸಿಎ ಸೈಟು (ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಸೌಲಭ್ಯದ ಜಾಗ) ಬಿಟ್ಟು ಮಾರಾಟಕ್ಕೆ 44 ಗುಂಟೆ ಉಳಿಯಿತು ಅಂತ ಇಟ್ಟುಕೊಳ್ಳಿ. ಗುಂಟೆಗೆ 1,089 ಚದರ ಅಡಿ, ಒಟ್ಟು 47,916. ಇದರಲ್ಲಿ 30×40ರ ಸೈಟು 39 ಆಗುತ್ತದೆ. ಶೇ. 20 ಸಣ್ಣ ಮನೆಗೆ ಬಿಟ್ಟರೆ 20×30ರ 15 ಸೈಟು ಸಿಗುತ್ತದೆ, 30×40ರದ್ದು 31 ಉಳಿಯುತ್ತದೆ. ಎಂಟು ದೊಡ್ಡ ಸೈಟಿನ ಜಾಗದಲ್ಲಿ 15 ಕುಟುಂಬ. ಆ 15 ಸೈಟೂ ಪುಕ್ಕಟೆ ಅಲ್ಲ, ಗೊತ್ತುಪಡಿಸಿದ ದರಕ್ಕೆ ಮಾರಾಟವೇ.

ಶೇ. 40, 50 ಅಂತ ಕೇಳಬೇಡಿ. ಆಗ ಲೇಔಟ್ ಮಾಡುವವರೇ ಕೈಬಿಡುತ್ತಾರೆ, ಇರುವ ಮನೆಗಳ ಬಾಡಿಗೆ ಇನ್ನೂ ಏರುತ್ತದೆ. ಅವರಿಗೂ ಏನಾದರೂ ಕೊಡಬೇಕು ಅಂತಲೂ ಬರೆಯಿರಿ. ಮಾಂಟ್ಗೊಮರಿಯಲ್ಲಿ ಹೀಗೆ ಪಾಲು ಬಿಟ್ಟವರಿಗೆ ಅದೇ ಜಾಗದಲ್ಲಿ ಜಾಸ್ತಿ ಮನೆ ಕಟ್ಟಲು ಬಿಟ್ಟರು. ನಮ್ಮಲ್ಲಿ ಅಪಾರ್ಟ್‌ಮೆಂಟಿಗೆ ಹೆಚ್ಚುವರಿ ಎಫ್‌ಎಆರ್ ಕೊಡಬಹುದು, ಅಂದರೆ ಅಷ್ಟೇ ಜಾಗದಲ್ಲಿ ಜಾಸ್ತಿ ವಿಸ್ತೀರ್ಣ ಕಟ್ಟಲು ಬಿಡಬಹುದು. “ಖಾಸಗಿ ಜಾಗದಲ್ಲಿ ಪಾಲು ಕೇಳಲು ನೀವು ಯಾರು” ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಉದ್ಯಾನಕ್ಕೆ, ಸಿಎ ಸೈಟಿಗೆ ಈಗಾಗಲೇ ಜಾಗ ಬಿಡಿಸುತ್ತಾರೆ ಅಲ್ವಾ? ಉದ್ಯಾನ ಗುಡಿಸುವವರಿಗೂ ಹತ್ತಿರದಲ್ಲಿ ಮನೆ ಬೇಕು.

ಯಾರಿಗೆ ಅನ್ನುವುದಕ್ಕೆ ಹೊಸ ಅಳತೆ ಹುಡುಕಬೇಡಿ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ವರ್ಷಕ್ಕೆ 3 ಲಕ್ಷದವರೆಗಿನ ಆದಾಯದವರು ಆರ್ಥಿಕವಾಗಿ ದುರ್ಬಲ ವರ್ಗ, 3ರಿಂದ 6 ಲಕ್ಷದವರು ಕಡಿಮೆ ಆದಾಯದ ಗುಂಪು. ಅದನ್ನೇ ಹಾಕಿ. ಹಂಚಿಕೆ ಎಲ್ಲರೆದುರು ಲಾಟರಿ ಎತ್ತಿ ಆಗಲಿ ಅಂತ ಸೇರಿಸಿ.

ಎಲ್ಲಿ ಅನ್ನುವುದರಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ. ಅದೇ ಲೇಔಟಿನ ಒಳಗೆ ಅಂತಲೇ ಬರೆಯಿರಿ. “ಬೇರೆ ಕಡೆ ಕೊಡುತ್ತೇವೆ” ಅನ್ನುವುದಕ್ಕೆ ಒಪ್ಪಿದರೆ ಆ ಬೇರೆ ಕಡೆ ಊರಿಂದ ಹತ್ತು ಕಿಲೋಮೀಟರ್ ದೂರ ಆಗಿರುತ್ತದೆ. ಲೇಔಟಿನ ಒಳಗೂ ಸಣ್ಣ ಸೈಟನ್ನು ಎಲ್ಲಿ ಹಾಕುತ್ತಾರೆ ಅನ್ನುವುದು ಗೊತ್ತೇ ಇದೆ, ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುವ ತಗ್ಗಿನ ಮೂಲೆಯಲ್ಲಿ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗೆ ತಾಗಿದ ಅಂಚು ಬೇಡ, ಗುಡ್ಡ ಕಡಿದ ಬುಡ ಬೇಡ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಗಂಗಾವಳಿಗೆ ಕುಸಿದದ್ದನ್ನು ನಾವು ಮರೆತಿಲ್ಲ. ಅಗ್ಗದ ಸೈಟು ಅಂದರೆ ಅಪಾಯದ ಸೈಟು ಆಗಬಾರದು.

ಎಷ್ಟು ವರ್ಷ ಅನ್ನುವುದನ್ನು ಜನ ಮರೆಯುತ್ತಾರೆ. ಮಾಂಟ್ಗೊಮರಿಯಲ್ಲಿ ಮೊದಲು ಬರೀ 5 ವರ್ಷ ಬೆಲೆ ಕಟ್ಟಿಹಾಕಿದ್ದರು. ಅವಧಿ ಮುಗಿದ ಮನೆಗಳು ಪೇಟೆ ಬೆಲೆಗೆ ಹೋದವು. ಕೊನೆಗೆ ಮಾರುವ ಮನೆಗೆ 30 ವರ್ಷ, ಬಾಡಿಗೆ ಮನೆಗೆ 99 ವರ್ಷ ಅಂತ ಮಾಡಿದರು. ನಾವು ಮೊದಲೇ 30 ಅಂತ ಕೇಳೋಣ. ಅಷ್ಟರೊಳಗೆ ಮಾರುವುದಿದ್ದರೆ ಅದೇ ಆದಾಯದವರಿಗೆ, ಪ್ರಾಧಿಕಾರ ಹೇಳಿದ ಬೆಲೆಗೆ.

ಎಲ್ಲ ಸೇರಿದರೆ ಹೀಗಾಗುತ್ತದೆ. ಬೇಕಾದರೆ ಹಾಗೇ ನಕಲು ಮಾಡಿಕೊಳ್ಳಿ:

“ಕರಡು ಮಹಾಯೋಜನೆಯ ವಲಯ ನಿಯಮಾವಳಿಯಲ್ಲಿ ಈ ನಿಯಮ ಸೇರಿಸಬೇಕೆಂದು ಕೋರುತ್ತೇನೆ. 20 ಗುಂಟೆಗಿಂತ ದೊಡ್ಡ ಪ್ರತಿ ವಸತಿ ವಿನ್ಯಾಸದಲ್ಲಿ ಮಾರಾಟಕ್ಕೆ ಸಿಗುವ ಜಾಗದ ಶೇ. 20ರಷ್ಟನ್ನು, ಅಪಾರ್ಟ್‌ಮೆಂಟ್ ಆದರೆ ಕಟ್ಟುವ ವಿಸ್ತೀರ್ಣದ ಶೇ. 20ರಷ್ಟನ್ನು, ವಾರ್ಷಿಕ 6 ಲಕ್ಷ ರೂಪಾಯಿ ಮೀರದ ಆದಾಯದ ಕುಟುಂಬಗಳಿಗೆ ಮೀಸಲಿಡಬೇಕು. ಇದರಲ್ಲಿ ಅರ್ಧ 3 ಲಕ್ಷದೊಳಗಿನವರಿಗೆ ಇರಬೇಕು. ಒಬ್ಬರೇ ಮಾಲೀಕರ ಅಥವಾ ಒಂದೇ ಸಂಸ್ಥೆಯ ಹೊಂದಿಕೊಂಡ ಸರ್ವೆ ನಂಬರುಗಳನ್ನು ಒಂದೇ ವಿನ್ಯಾಸವೆಂದು ಎಣಿಸಬೇಕು. ಮೀಸಲು ಸೈಟು ಮತ್ತು ಮನೆಗಳು ಅದೇ ವಿನ್ಯಾಸದೊಳಗೆ, ನೀರು ನಿಲ್ಲದ ಮತ್ತು ಗುಡ್ಡ ಕುಸಿತದ ಅಪಾಯವಿಲ್ಲದ ಭಾಗದಲ್ಲಿ ಇರಬೇಕು. ದರವನ್ನು ಪ್ರಾಧಿಕಾರ ನಿಗದಿ ಮಾಡಿ ಬಹಿರಂಗ ಲಾಟರಿಯಲ್ಲಿ ಹಂಚಬೇಕು. ಈ ಷರತ್ತು 30 ವರ್ಷ ಇರಬೇಕು.”

ಇದರ ಮೇಲೆ ನಿಮ್ಮ ಎಣಿಕೆಯ ಸಾಲು, ಕೆಳಗೆ ನಿಮ್ಮ ಸ್ವಂತ ಎರಡು ಸಾಲು. ಎಲ್ಲಿ ಕೆಲಸ, ಎಲ್ಲಿ ಮನೆ, ದಿನಕ್ಕೆ ಎಷ್ಟು ಖರ್ಚು. ಒಂದೇ ಕಾಗದಕ್ಕೆ 140 ಸಹಿ ಹಾಕಿದರೆ ಕಚೇರಿಯಲ್ಲಿ ಅದು ಒಂದು ಅರ್ಜಿ. 140 ಜನ ಬೇರೆ ಬೇರೆ ಕೊಟ್ಟರೆ 140 ಅರ್ಜಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ, ಪಕ್ಕದಲ್ಲಿ ಒಬ್ಬರ ಸಾಕ್ಷಿ ಸಹಿ ಇರಲಿ.

ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಆವಕ ನಂಬರು ಹಾಕಿಸಿಕೊಂಡೇ ಹೊರಡಿ. “ಸಾಹೇಬರಿಲ್ಲ, ನಾಳೆ ಬನ್ನಿ” ಅಂದರೆ ಅಲ್ಲೇ ಜಗಳ ಬೇಡ. ಅವತ್ತೇ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿಸಿ. ಅದರ ರಸೀದಿಯೂ ದಾಖಲೆಯೇ.

ಕರಡು ಸದ್ಯಕ್ಕೆ ಬರುವ ಸೂಚನೆ ಇಲ್ಲದಿದ್ದರೂ ಸುಮ್ನೆ ಕೂರಬೇಡಿ. ಇದೇ ಒಕ್ಕಣೆಯನ್ನು ನಿಮ್ಮ ವಾರ್ಡಿನ ಸದಸ್ಯರಿಗೆ ಕೊಟ್ಟು ನಗರಸಭೆಯಲ್ಲಿ ಠರಾವು ಮಾಡಿಸಲು ಕೇಳಿ. ಮಹಾಯೋಜನೆಗೆ ಕೊನೆಯ ಒಪ್ಪಿಗೆ ಕೊಡುವುದು ರಾಜ್ಯ ಸರ್ಕಾರ, ಹಾಗಾಗಿ ಶಾಸಕರಿಗೂ ಒಂದು ಪ್ರತಿ ಇರಲಿ.

ಸೀಲು ಬಿದ್ದ ಪ್ರತಿಯನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಮುಂದೆ ನಕಲು ತೆಗೆಯುವಾಗ ಹೊಳೆಯುತ್ತದೆ. ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ, ಕರಾವಳಿಯವರಾದರೆ ಗೋಡೆಗೆ ತಾಗದ ಹಾಗೆ ಇಡಿ. ಅಂತಿಮ ಮಹಾಯೋಜನೆ ಬಂದ ದಿನ ಅದನ್ನು ಹಿಡಿದುಕೊಂಡು ಹೋಗಿ ವಲಯ ನಿಯಮಾವಳಿಯ ವಸತಿ ಭಾಗದಲ್ಲಿ ಆ ಸಾಲು ಇದೆಯೋ ಅಂತ ಹುಡುಕಬೇಕು. ನನ್ನ ಅಂಗಡಿಯ ಬಲ್ಬಿನ ಕಪಾಟಿನಲ್ಲಿ ಈಗ ಅಂಥ ಒಂದು ಫೈಲು ಇದೆ. ಮೊದಲ ಅರ್ಜಿ ಶಿರವಾಡದ ವಿಳಾಸದ್ದು.