ವಿದ್ಯುತ್ ದರದ ಅರ್ಜಿಗೆ ಆಕ್ಷೇಪಣೆ ಬರೆಯುವ ಬಗೆ

ಉದಾರೀಕರಣದ ಬಳಿಕ ವಿದ್ಯುತ್ ದರ ನಿಗದಿಯ ಅಧಿಕಾರವನ್ನು ಸರ್ಕಾರದಿಂದ ಸ್ವತಂತ್ರ ಆಯೋಗಕ್ಕೆ ವಹಿಸುವ ಕ್ರಮ 1996ರಲ್ಲಿ ಒಡಿಶಾದಲ್ಲಿ ಮೊದಲಾಯಿತು. ಕರ್ನಾಟಕದಲ್ಲಿ 1999ರ ಸುಧಾರಣಾ ಕಾಯ್ದೆಯಿಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) ಹುಟ್ಟಿತು. ದರದ ನಿಗದಿ ಆಯೋಗದ್ದಾದರೂ ಯಾರಿಗೆ ಉಚಿತ ಎಂಬ ತೀರ್ಮಾನ ವಿಧಾನಸೌಧದಲ್ಲೇ ಉಳಿದಿದೆ. ಆಕ್ಷೇಪಣೆ ಬರೆಯುವವರು ಗಮನವಿಡಬೇಕಾದದ್ದು ಈ ಎರಡರ ನಡುವಿನ ಜಾಗದಲ್ಲಿ.

ವಿದ್ಯುತ್ ವಿತರಿಸುವ ಕಂಪನಿಗಳಾದ ಎಸ್ಕಾಂಗಳು, ದರ ಪರಿಷ್ಕರಿಸುವಂತೆ ಆಯೋಗಕ್ಕೆ ಸಲ್ಲಿಸುವ ಅರ್ಜಿಯ ಸಾರಾಂಶವನ್ನು ಪತ್ರಿಕೆಗಳಲ್ಲಿ ಪ್ರಕಟಿಸುತ್ತವೆ. ಆಕ್ಷೇಪಣೆಯ ಕೊನೆಯ ದಿನಾಂಕ, ಪ್ರಮಾಣಪತ್ರ (ಅಫಿಡವಿಟ್) ಮತ್ತು ಪ್ರತಿಗಳ ವಿವರ ಅದರಲ್ಲೇ ಇರುತ್ತದೆ. ಸಾರಾಂಶವನ್ನು ನೆಚ್ಚಿಕೊಳ್ಳದೆ ಪೂರ್ಣ ಅರ್ಜಿಯನ್ನು ತರಿಸಿಕೊಂಡು, ಮೊದಲು ಕೃಷಿ ಪಂಪ್‌ಸೆಟ್‌ಗಳ ಬಳಕೆಯ ಕೋಷ್ಟಕವನ್ನು ತೆರೆಯಿರಿ.

10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ ಉಚಿತ. ಮೀಟರ್ ಇಲ್ಲದ ಕಡೆ ಬಳಕೆಯನ್ನು ಅಂದಾಜಿನಿಂದ ತುಂಬಲಾಗುತ್ತದೆ. ಕಂಪನಿ ಖರೀದಿಸಿದ ವಿದ್ಯುತ್ತಿನಿಂದ ಮೀಟರಿನಲ್ಲಿ ದಾಖಲಾದ ಮಾರಾಟವನ್ನೂ ಈ ಅಂದಾಜನ್ನೂ ಕಳೆದಾಗ ಉಳಿಯುವುದೇ ವಿತರಣಾ ನಷ್ಟವಾದ್ದರಿಂದ, ಅಂದಾಜು ಹಿಗ್ಗಿದಷ್ಟೂ ಕಂಪನಿಯ ನಷ್ಟ ಕುಗ್ಗಿ ಕಾಣುತ್ತದೆ ಮತ್ತು ಸರ್ಕಾರದ ಮೇಲಿನ ಸಹಾಯಧನದ ಬೇಡಿಕೆ ಏರುತ್ತದೆ. ರೈತರನ್ನು ದೂರುವುದು ಸುಲಭ. ಆದರೆ ತಮ್ಮ ಲೆಕ್ಕಕ್ಕೆ ಎಷ್ಟು ಯೂನಿಟ್ ಬರೆಯಲಾಗಿದೆ ಎಂಬುದು ಅವರಿಗೂ ತಿಳಿದಿರುವುದಿಲ್ಲ. ಆದ್ದರಿಂದ ಅಂದಾಜು ಯಾವ ಫೀಡರ್‌ಗಳ (ಉಪಕೇಂದ್ರದಿಂದ ಹೊರಡುವ ವಿದ್ಯುತ್ ಮಾರ್ಗಗಳ) ಅಳತೆಯ ಮೇಲೆ ನಿಂತಿದೆ, ಒಂದು ಪಂಪ್‌ಸೆಟ್‌ಗೆ ವರ್ಷಕ್ಕೆ ಎಷ್ಟು ಯೂನಿಟ್ ಹಿಡಿಯಲಾಗಿದೆ, ಅದು ಹಿಂದಿನ ಆದೇಶದಲ್ಲಿ ಒಪ್ಪಿದ ಪ್ರಮಾಣಕ್ಕಿಂತ ಏಕೆ ಭಿನ್ನವಾಗಿದೆ ಎಂದು ಕೇಳಿರಿ. ‘ದರ ಏರಿಸಬೇಡಿ’ ಎಂಬ ಮನವಿಗಿಂತ ಇಂತಹ ಪ್ರಶ್ನೆಯನ್ನು ತಳ್ಳಿಹಾಕುವುದು ಕಷ್ಟ.

ಮುಂದಿನದು ಹಣದ ವಿಷಯ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಸರ್ಕಾರ ಸಹಾಯಧನವನ್ನು ಮುಂಗಡವಾಗಿ ಕೊಡಬೇಕು. ಕೊಡದಿದ್ದರೆ ಆಯೋಗ ನಿಗದಿಪಡಿಸಿದ ದರವೇ ಅನ್ವಯಿಸುತ್ತದೆ. ಪಂಪ್‌ಸೆಟ್ ಬಾಬ್ತು ಮತ್ತು 2023ರಲ್ಲಿ ಬಂದ ಗೃಹಜ್ಯೋತಿಯ ಬಾಬ್ತು ಎಷ್ಟು ಸಂದಾಯವಾಗಿದೆ, ಬಾಕಿಗಾಗಿ ಕಂಪನಿ ಸಾಲ ಮಾಡಿದ್ದರೆ ಅದರ ಬಡ್ಡಿಯನ್ನು ಉಳಿದ ಗ್ರಾಹಕರ ದರಕ್ಕೆ ಸೇರಿಸಲಾಗಿದೆಯೇ ಎಂಬುದನ್ನು ಪ್ರತ್ಯೇಕವಾಗಿ ಕೇಳಿರಿ. ಸರ್ಕಾರ 108ನೇ ಸೆಕ್ಷನ್ನಿನಡಿ ಆಯೋಗಕ್ಕೆ ನೀತಿ ನಿರ್ದೇಶನ ಕೊಟ್ಟಿದ್ದರೆ ಅದರ ಪ್ರತಿಯನ್ನೂ ಬೇಡಿರಿ.

ಸಾರ್ವಜನಿಕ ವಿಚಾರಣೆಯಲ್ಲಿ ಭಾಷಣ ಬೇಡ. ಕಂಪನಿಯ ಲಿಖಿತ ಉತ್ತರದಲ್ಲಿ ಬಿಟ್ಟುಹೋದ ಅಂಶವೊಂದನ್ನೇ ಪುಟಸಂಖ್ಯೆ ಸಹಿತ ಎತ್ತಿರಿ. ಆದೇಶ ಬಂದ ಮೇಲೆ ನಿಮ್ಮ ಆಕ್ಷೇಪಣೆಗೆ ಆಯೋಗ ಕಾರಣಸಹಿತ ಉತ್ತರ ಕೊಟ್ಟಿದೆಯೇ ನೋಡಿ. ಕೊಟ್ಟಿಲ್ಲವಾದರೆ, ಆದೇಶದ ಪ್ರತಿ ಕೈಸೇರಿದ 45 ದಿನಗಳೊಳಗೆ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.