ಆರು ಮನೆಯ ಬಾಡಿಗೆ ಕಟ್ಟಡ ಕೊಳ್ಳುವ ಮೊದಲು ಲೆಕ್ಕ ಹಾಕುವುದು ಹೇಗೆ?

ಮಣಿಪಾಲ, ದೇರಳಕಟ್ಟೆ, ಸುರತ್ಕಲ್ ಕಡೆ ದಲ್ಲಾಳಿಗಳು ‘ಆರು ಮನೆ, ಆರೂ ಭರ್ತಿ’ ಎಂದು ಕಟ್ಟಡ ತೋರಿಸಿದಾಗ ಆಸೆ ಹುಟ್ಟುವುದು ಸಹಜ. ಒಂಟಿ ಮನೆ ಖಾಲಿಯಾದರೆ ಬಾಡಿಗೆ ಪೂರ್ತಿ ನಿಲ್ಲುತ್ತದೆ, ಇಲ್ಲಿ ಹಾಗಾಗದು ಎಂಬ ಅವರ ಮಾತಿನಲ್ಲೂ ಹುರುಳಿದೆ. ಆದರೂ ಗಲ್ಫ್‌ನಲ್ಲಿ ಬೆವರು ಸುರಿಸಿ ಕೂಡಿಟ್ಟ ಹಣವನ್ನು ಒಂದೇ ಕಟ್ಟಡಕ್ಕೆ ಸುರಿಯುವ ಮುನ್ನ ಹೀಗೆ ಪರಿಶೀಲಿಸಿ.

ಮೊದಲು ಕೈಯಿಂದ ಹಾಕಬೇಕಾದ ಹಣ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷ ರೂ. ವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ 90ರವರೆಗೆ ಸಿಗಬಹುದು. ಸಾಲ 75 ಲಕ್ಷ ದಾಟಿದರೆ ಶೇ 75 ಮಾತ್ರ. ಎಂದರೆ 1.6 ಕೋಟಿಯ ಕಟ್ಟಡಕ್ಕೆ 40 ಲಕ್ಷ ನಿಮ್ಮದೇ; ನೋಂದಣಿ ಖರ್ಚು ಬೇರೆ.

ನಂತರ ಪರವಾನಗಿ ನಕ್ಷೆ ಕೇಳಿ. ನಕ್ಷೆಯಲ್ಲಿ ಎರಡು ಮನೆ, ಕಟ್ಟಿದ್ದು ಆರು ಎಂದಾದರೆ ಅಲ್ಲಿಗೇ ಕೈಬಿಡಿ.

ಮೂರನೆಯದು ನೀರು. ಇದನ್ನೇ ಹೆಚ್ಚಿನವರು ಮರೆಯುತ್ತಾರೆ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟು, ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಆಸರೆ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ನೀರು ಇಳಿದರೆ ನಲ್ಲಿ ನೀರಿಗೆ ಪಾಳಿ ಬರುತ್ತದೆ. ಒಂಟಿ ಮನೆಯವರನ್ನು ಹಿತ್ತಲಿನ ಬಾವಿ ಕಾಪಾಡಬಹುದು. ಅದೇ ಬಾವಿಗೆ ಆರು ಸಂಸಾರ ಇಳಿದರೆ ತಳ ಕಾಣುತ್ತದೆ. ಆಮೇಲೆ ಟ್ಯಾಂಕರ್, ಅದರ ಬಿಲ್ ನಿಮಗೆ. ಮೆಟ್ಟಿಲ ಕೆಳಗೆ ಬಗ್ಗಿ ಪಂಪಿನ ಸ್ವಿಚ್ಚಿಗೆ ಯಾರ ಮೀಟರಿನಿಂದ ವಯರ್ ಬಂದಿದೆ ಎಂದು ನೋಡಿ. ಕೆಳಮನೆಯವರ ಮೀಟರಿನಿಂದ ಎಳೆದಿದ್ದರೆ ಮೆಸ್ಕಾಂ ಬಿಲ್ ಬಂದಾಗಲೆಲ್ಲ ಜಗಳ ಖಚಿತ. ಒಳಚರಂಡಿ ಇಲ್ಲದ ಕಡೆ ಆರು ಮನೆಗೂ ಒಂದೇ ಶೌಚಗುಂಡಿ ಇರುತ್ತದೆ. ಜುಲೈ ಮಳೆಗೆ ನೆಲದ ನೀರು ಮೇಲೇರಿದಾಗ ಅದು ಉಕ್ಕುತ್ತದೆ. ಹಾಗಾಗಿ ಕಟ್ಟಡವನ್ನು ಕಡುಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ನೋಡಲೇಬೇಕು.

ಕಾಲೇಜಿನ ಪಕ್ಕದ ಕಟ್ಟಡವಾದರೆ ಕೋರ್ಸ್ ಮುಗಿದ ತಿಂಗಳಲ್ಲಿ ಹಲವು ಮನೆಗಳು ಒಟ್ಟಿಗೇ ಖಾಲಿಯಾಗಬಹುದು. ಆಗ ಬಾಡಿಗೆಯೂ ಇಲ್ಲ, ಮುಂಗಡವನ್ನೂ ಮರಳಿಸಬೇಕು.

ತೆರಿಗೆಯಲ್ಲಿ, ನೀವು ಕಟ್ಟಿದ ಮನೆ ತೆರಿಗೆ ಕಳೆದು ಉಳಿದ ಬಾಡಿಗೆ ಆದಾಯದ ಶೇ 30ನ್ನು ಬಿಟ್ಟುಕೊಡುತ್ತಾರೆ. ಟ್ಯಾಂಕರ್, ಪೇಂಟ್, ಟೆರೇಸಿನ ಶೀಟ್ ಎಲ್ಲ ಸೇರಿ ಅದನ್ನು ಮೀರಿದರೆ ಹೆಚ್ಚಿನದಕ್ಕೆ ವಿನಾಯಿತಿಯಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ, ಗೃಹಸಾಲದ ಬಡ್ಡಿ ಬಾಡಿಗೆ ಆದಾಯವನ್ನು ಮೀರಿ ಆದ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಲೂ ಆಗದು.

ಕೊನೆಯದಾಗಿ ಮಾರಾಟ. ನನ್ನ ಮಟ್ಟಿಗೆ ದೊಡ್ಡ ತೊಡಕು ಇದೇ. ಒಂಟಿ ಮನೆಯನ್ನು ವಾಸಕ್ಕೆಂದು ಕೊಳ್ಳುವ ಕುಟುಂಬಗಳು ಸಿಗುತ್ತವೆ. ಆರು ಮನೆಯ ಕಟ್ಟಡಕ್ಕೆ ನಿಮ್ಮಂತೆಯೇ ಹೂಡಿಕೆಗೆ ಹೊರಟವರು ಬರಬೇಕು. ಮಗಳ ಓದಿಗೆ 20 ಲಕ್ಷ ಬೇಕಾದರೆ ಒಂದು ಮಹಡಿಯನ್ನಷ್ಟೇ ಮಾರುವುದು ಸುಲಭವಲ್ಲ. ಅದೇ ಹಣದಲ್ಲಿ ಬೇರೆ ಬೇರೆ ಕಡೆ ಎರಡು ಸಣ್ಣ ಮನೆಗಳಿದ್ದರೆ ಒಂದನ್ನು ಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳಬಹುದು.

ಇಷ್ಟೆಲ್ಲ ನೋಡಿಯೂ ಕಟ್ಟಡವೇ ಬೇಕೆನಿಸಿದರೆ, ಬಾಡಿಗೆದಾರರು ಹಳೆಯ ಮಾಲೀಕರಿಗೆ ಕೊಟ್ಟ ಮುಂಗಡದ ಪಟ್ಟಿ ತರಿಸಿ, ಆ ಮೊತ್ತವನ್ನು ಬೆಲೆಯಿಂದ ಕಳೆದು ಕ್ರಯಪತ್ರದಲ್ಲೇ ಬರೆಸಿಕೊಳ್ಳಿ.